ಹಳೆಮನೆಗೆ ಸಿಮೆಂಟ್ ಮುಟ್ಟಿಸುವ ಮುನ್ನ

ನಾನಿರುವ ಇಂಗ್ಲೆಂಡಿನಲ್ಲಿ ಪಾರಂಪರಿಕ ಪಟ್ಟಿಗೆ ಸೇರಿದ ಮನೆಯ ಹಳೆ ಕಿಟಕಿ ಕಿತ್ತು ಬೇರೆ ಬಗೆಯದನ್ನು ಕೂರಿಸಲು ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದೆ ಮನೆಯ ಸ್ವರೂಪ ಕೆಡಿಸಿದರೆ 1990ರ ಕಾಯ್ದೆಯಡಿ ಅದು ಅಪರಾಧ. ಒಳಗಿನ ಮೆಟ್ಟಿಲು, ಬಾಗಿಲುಗಳಿಗೂ ಈ ಮಾತು ಅನ್ವಯಿಸುತ್ತದೆ. ನಮ್ಮ ಕಡೆ ಸ್ಮಾರಕಗಳಿಗೆ ಕಾನೂನಿದೆ. ಊರೊಳಗಿನ ಸಾಮಾನ್ಯ ತೊಟ್ಟಿಮನೆಯನ್ನು ಮಾತ್ರ ಹೇಳುವವರು ಕೇಳುವವರಿಲ್ಲ. ಹಾಗೆಂದು ಇಂಗ್ಲೆಂಡಿನ ಅರ್ಜಿ, ಮೊಹರುಗಳನ್ನೆಲ್ಲ ನಮ್ಮ ಕಡೆಗೂ ತರಬೇಕೆಂದು ನನಗನಿಸುವುದಿಲ್ಲ. ತರಬೇಕಾದದ್ದು ಅವರ ಕೆಲಸದ ಕ್ರಮವನ್ನು.

ಅಲ್ಲಿ ಹಾರೆ ಎತ್ತುವ ಮೊದಲು ಮನೆಯನ್ನು ಅಳೆದು ನಕ್ಷೆ ಮಾಡುತ್ತಾರೆ, ಗೋಡೆಗೋಡೆಯ ಫೋಟೊ ತೆಗೆಯುತ್ತಾರೆ. ಆಮೇಲೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಾರೆ: ಒಡೆದ ಹೆಂಚು, ಎರಡು ಮಾಡು ಕೂಡುವ ಕಣಿವೆ, ಕಸ ಕಟ್ಟಿಕೊಂಡ ಮಾಡಿನ ನೀರುದೋಣಿ, ವರ್ಷ ವರ್ಷ ಮಣ್ಣು ಬಿದ್ದು ಒಳಗಿನ ನೆಲಕ್ಕಿಂತ ಎತ್ತರವಾದ ಅಂಗಳ. ಹೊರಗಿನ ಮಣ್ಣು ಒಳನೆಲಕ್ಕಿಂತ ಕನಿಷ್ಠ ಅರ್ಧ ಅಡಿ ತಗ್ಗಿರಬೇಕು. ಮೂಲ ನಿಂತ ಮೇಲೂ ದಪ್ಪ ಗೋಡೆ ತಿಂಗಳಿಗೆ ಸುಮಾರು ಒಂದು ಅಂಗುಲದಷ್ಟೇ ಒಣಗುತ್ತದೆ ಎನ್ನುವುದು ಕೆಲಸಗಾರರ ಲೆಕ್ಕ. ನಮ್ಮಲ್ಲಿ ಅಷ್ಟು ಕಾಯುವ ತಾಳ್ಮೆ ಯಾರಿಗೂ ಇಲ್ಲ. ಉಪ್ಪು ಹೂವಿನಂತೆ ಮೂಡಿದ್ದು ಕಂಡ ಕೂಡಲೇ ಗಾರೆ ಉದುರಿಸಿ ಸಿಮೆಂಟ್ ಮೆತ್ತಿಸುತ್ತೇವೆ.

ಮನೆ ಹಾಳಾಗುವುದು ಇಲ್ಲಿಂದಲೇ. ಸುಣ್ಣದ ಗಾರೆಯ ಗೋಡೆ ಹೀರಿದ ತೇವವನ್ನು ಇಟ್ಟಿಗೆಗಳ ನಡುವಿನ ಸಂದುಗಳ ಮೂಲಕ ಹೊರಗೆ ಬಿಡುತ್ತದೆ. ಸಂದಿಗೆ ಸಿಮೆಂಟ್ ತುಂಬಿದರೆ ಆ ದಾರಿ ಮುಚ್ಚಿ, ತೇವ ಇಟ್ಟಿಗೆಯ ಮೈಯಿಂದಲೇ ಹೊರಬೀಳುತ್ತದೆ. ಜತೆಗೆ ಬಂದ ಉಪ್ಪು ಮೇಲ್ಪದರದಲ್ಲಿ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಉದುರಿಸುತ್ತದೆ. ಕೊನೆಗೆ ಸಿಮೆಂಟ್ ಗೆರೆ ಗಟ್ಟಿಯಾಗಿ ಮುಂದೆ ಚಾಚಿರುತ್ತದೆ, ಇಟ್ಟಿಗೆ ಒಳಗೆ ಸವೆದಿರುತ್ತದೆ. ಇಂಗ್ಲೆಂಡಿನವರು ಕಳೆದ ಶತಮಾನವಿಡೀ ಇದನ್ನು ಮಾಡಿ ಕೆಟ್ಟರು. ಈಗ ಅದೇ ಸಿಮೆಂಟನ್ನು ಉಳಿಯಿಂದ ಬಿಡಿಸುತ್ತಿದ್ದಾರೆ.

ಅವರ ವಿಧಾನ ಹೀಗಿದೆ. ಸಂದು ಎಷ್ಟು ಅಗಲವೋ ಅದರ ಎರಡರಷ್ಟು ಆಳಕ್ಕೆ ಕೈಯಿಂದಲೇ ಕೆರೆಯಬೇಕು. ಕಟಿಂಗ್ ಮೆಷಿನ್ ಇಟ್ಟರೆ ಇಟ್ಟಿಗೆಯ ಅಂಚು ಹೋಗುತ್ತದೆ, ಅದು ಮತ್ತೆ ಬರುವುದಿಲ್ಲ. ಧೂಳು ತೆಗೆದು ಗೋಡೆ ನೆನೆಸಿ, ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ದೊರಗು ಮರಳು ಬೆರೆಸಿ ಒತ್ತಿ ತುಂಬಬೇಕು. ಹೆಬ್ಬೆರಳು ಒತ್ತಿದರೆ ಗುರುತು ಬೀಳದಷ್ಟು ಬಿಗಿದಾಗ ಗಟ್ಟಿ ಬ್ರಷ್ಷಿನಿಂದ ಕುಟ್ಟಬೇಕು. ಮೇಲಿನ ನುಣುಪು ಪದರ ಒಡೆದರೆ ಗಾರೆ ಉಸಿರಾಡುತ್ತದೆ. ಅಲ್ಲಿ ಹಿಮದ ಭಯ, 5 ಡಿಗ್ರಿಗಿಂತ ಕೆಳಗೆ ಕೆಲಸ ನಿಲ್ಲಿಸುತ್ತಾರೆ. ನಮ್ಮಲ್ಲಿ ಬಿಸಿಲಿನ ಭಯ. ಸುಣ್ಣ ಗಟ್ಟಿಯಾಗುವ ಮೊದಲೇ ಒಣಗಿದರೆ ಪುಡಿಯಾಗುತ್ತದೆ, ಆದ್ದರಿಂದ ಒದ್ದೆ ಗೋಣಿತಾಟು ಕಟ್ಟಿ ನೆರಳು ಮಾಡಲೇಬೇಕು.

ಬೆಲ್ಲದ ನೀರು, ಅಳಲೆಕಾಯಿ ಕಷಾಯ, ಇಟ್ಟಿಗೆ ಪುಡಿ ಸೇರಿಸಿ ಗಾರೆ ಅರೆಯಬಲ್ಲವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗೆ ಕೆಲಸ ಕೊಡದೆ ಹೋದರೆ ಆ ಕೈಚಳಕ ಹೋಗುತ್ತದೆ. 1877ರಲ್ಲಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಹಳೆ ಕಟ್ಟಡಗಳಿಗಾಗಿ ಸಂಘ ಕಟ್ಟಿದ ದೇಶದಲ್ಲೇ ಸುಣ್ಣದ ಕೆಲಸವನ್ನು ಹೊಸದಾಗಿ ಕಲಿಸಬೇಕಾಯಿತು.

ಮನೆ ವಿಸ್ತರಿಸುವ ವಿಷಯದಲ್ಲಿ ಇಂಗ್ಲೆಂಡಿನವರ ನಿಲುವು ನನಗೆ ಪೂರ್ತಿ ಒಪ್ಪಿಗೆ. ಹೊಸ ಭಾಗದ ಮಾಡು ಹಳೆಯದಕ್ಕಿಂತ ತಗ್ಗಿರಬೇಕು, ಮುಂದಿನ ಮುಖಕ್ಕಿಂತ ಹಿಂದೆ ಸರಿದಿರಬೇಕು. ನಡುವೆ ಕಿರಿದಾದ ಕೂಡುದಾರಿ ಇಟ್ಟು, ಇದ್ದ ಬಾಗಿಲನ್ನೋ ಕಿಟಕಿಯನ್ನೋ ಬಳಸಿಕೊಂಡರೆ ಹಳೆ ಗೋಡೆ ಒಡೆಯುವುದೇ ಬೇಡ. ಅಪಾಯವೆಲ್ಲ ಪಾಯದಲ್ಲಿದೆ. ಹಳೆ ಗೋಡೆ ಎರಡಡಿ ಆಳದ ಕಲ್ಲಿನ ಮೇಲೆ ನಿಂತಿದ್ದರೆ, ಪಕ್ಕದಲ್ಲೇ ಐದಡಿ ಗುಂಡಿ ತೋಡಿದಾಗ ಅದರ ಕೆಳಗಿನ ಮಣ್ಣು ಜಾರುತ್ತದೆ. ಗುಂಡಿಯನ್ನು ದೂರ ಸರಿಸಬೇಕು. ಆಗದಿದ್ದರೆ ಇಂಜಿನಿಯರ್ ಹೇಳಿದಂತೆ ಒಂದೊಂದು ಮೀಟರಿನಷ್ಟೇ, ಒಂದು ಬಿಟ್ಟು ಒಂದು ತೋಡಿ ತುಂಬಿಸುತ್ತ ಹೋಗಬೇಕು. ಹೊಸ ಗೋಡೆಯನ್ನು ಹಳೆಯದಕ್ಕೆ ಸರಳು ಹಾಕಿ ಬೆಸೆಯಬಾರದು. ಹೊಸ ಪಾಯ ಕುಸಿಯುವ ಪ್ರಮಾಣವೇ ಬೇರೆ, ಬೆಸೆದಲ್ಲಿ ಬಿರುಕು ಖಚಿತ. ನಡುವೆ ಒಂದು ಅಂಗುಲದಷ್ಟು ಬಿಟ್ಟು ಮೆತ್ತನೆಯ ವಸ್ತು ತುಂಬಿದರೆ ಎರಡೂ ತಮ್ಮ ಪಾಡಿಗೆ ಇರುತ್ತವೆ. ನೆರೆಮನೆಯಿಂದ 3 ಮೀಟರ್ ಒಳಗೆ, ಅದರ ಪಾಯಕ್ಕಿಂತ ಆಳಕ್ಕೆ ತೋಡುವವರು ಮೊದಲೇ ನೋಟಿಸ್ ಕೊಡಬೇಕೆಂದು ಅಲ್ಲಿ 1996ರ ಕಾಯ್ದೆ ಹೇಳುತ್ತದೆ. ಗೋಡೆಗೆ ಗೋಡೆ ತಾಗಿದ ನಮ್ಮ ಬೀದಿಗಳಿಗೆ ಈ ಒಂದು ಕಾನೂನು ಬಂದರೆ ನಾನು ಸಂತೋಷಪಡುತ್ತೇನೆ.

ಇಂಗ್ಲೆಂಡಿನದೆಲ್ಲ ಸರಿ ಎಂದಲ್ಲ. ಹೊಸ ಮನೆ ಕಟ್ಟುವುದಕ್ಕೆ ಶೂನ್ಯ ವ್ಯಾಟ್, ಹಳೆಯದರ ರಿಪೇರಿಗೆ ಸಾಮಾನ್ಯವಾಗಿ ಶೇ. 20. ಪಾರಂಪರಿಕ ಪಟ್ಟಿಯ ಮನೆಗಳಲ್ಲಿ ಒಪ್ಪಿಗೆ ಪಡೆದ ಮಾರ್ಪಾಡಿಗಿದ್ದ ವಿನಾಯಿತಿಯನ್ನೂ 2012ರಲ್ಲಿ ತೆಗೆದರು. ಉಳಿಸಿ ಎನ್ನುವ ಸರ್ಕಾರ ಉಳಿಸುವವರ ಮೇಲೇ ಹೊರೆ ಹೇರುವುದು ಅನ್ಯಾಯ.

ಬೆಳೆಯುವ ಗುಣ ನಮ್ಮ ಮನೆಗಳಿಗೆ ಹುಟ್ಟಿನಿಂದಲೇ ಇದೆ. ಕಂಬದಿಂದ ಕಂಬಕ್ಕೆ ಅಂಕಣ ಸೇರಿಸುತ್ತ ಹೋಗಬಹುದು. ಮರದ ಜೋಡಣೆಯನ್ನು ಬಿಚ್ಚಿ ಮತ್ತೆ ಕಟ್ಟಬಹುದೆಂದು ವಿಜಯನಾಥ ಶೆಣೈ ಅವರು ಮಣಿಪಾಲದ ಪಾರಂಪರಿಕ ಗ್ರಾಮದಲ್ಲಿ ತೋರಿಸಿಕೊಟ್ಟಿದ್ದಾರೆ. ಹಾಗಿರುವಾಗ ಮಣ್ಣುಗೋಡೆಯ ಮೇಲೆ ಆರ್‌ಸಿಸಿ ಮಹಡಿ ಹೊರಿಸುವುದೇಕೆ? ಹಿತ್ತಿಲ ಕಡೆ ಒಂದೆರಡು ಅಂಕಣ ಬೆಳೆಸಿ, ಬಚ್ಚಲು, ಶೌಚಾಲಯ, ಅಡುಗೆಮನೆಯ ಪೈಪುಗಳನ್ನೆಲ್ಲ ಅಲ್ಲಿಗೆ ಸಾಗಿಸಿದರೆ ಹಳೆ ಗೋಡೆಯೊಳಗೆ ನೀರೇ ಹರಿಯದು.

ಮಾಡು ಬಿಚ್ಚಿದಾಗ ಗೋಡೆಯೊಳಗೆ ಹೂತ ಜಂತೆಯ ತುದಿಗಳನ್ನು ದಬ್ಬಳದಿಂದ ಚುಚ್ಚಿ ನೋಡಬೇಕು, ಕೊಳೆತ ಶುರುವಾಗುವುದು ಅಲ್ಲೇ. ತುದಿಯಷ್ಟೇ ಕೆಟ್ಟಿದ್ದರೆ ಇಡೀ ಜಂತೆ ಎಸೆಯದೆ, ಅದೇ ಜಾತಿಯ ಒಣ ಮರವನ್ನು ಓರೆಯಾಗಿ ಬೆಸೆದು, ಸುತ್ತ ಗಾಳಿಯಾಡಲು ಸಂದು ಬಿಟ್ಟು ಕೂರಿಸಬೇಕು. ಮಂಗಳೂರು ಹೆಂಚಿನ ಮಾತೂ ಇಷ್ಟೇ ಮುಖ್ಯ. ಒಂದು ಕಾರ್ಖಾನೆಯ ಹೆಂಚಿನ ತೋಡು ಇನ್ನೊಂದರದಕ್ಕೆ ಕಚ್ಚಿಕೊಳ್ಳದೆ ಹೋಗಬಹುದು. ಗಟ್ಟಿ ಉಳಿದ ಹಳೆ ಹೆಂಚನ್ನೆಲ್ಲ ಬೀದಿಗೆ ಕಾಣುವ ಇಳಿಜಾರಿಗೆ ಒಟ್ಟುಮಾಡಿ, ಹೊಸದನ್ನು ಹಿಂದಿನ ಇಳಿಜಾರಿಗೆ ಹಾಕಿಸಬೇಕು. ರೀಪಿನ ಅಂತರವನ್ನು ಆಯಾ ಹೆಂಚನ್ನೇ ಇಟ್ಟು ಅಳೆದು ಗುರುತು ಮಾಡಿಸಬೇಕು.