ದಯವಿಟ್ಟು ಕಾವಲಿನಲ್ಲಿ ಗಿಡ ನೆಡಬೇಡಿ

ಮುಂಗಾರು ಶುರುವಾಯಿತು ಅಂದರೆ ನನಗೆ ಫೋನ್ ಬರುವುದು ಜಾಸ್ತಿಯಾಗುತ್ತದೆ. "ಊರ ಹೊರಗೆ ಖಾಲಿ ಜಾಗ ಇದೆ, ಐನೂರು ಸಸಿ ಸಿಕ್ಕಿವೆ, ಭಾನುವಾರ ಬನ್ನಿ." ಕರೆಯುವವರೆಲ್ಲ ಒಳ್ಳೆಯವರು. ಕೈಯಿಂದ ದುಡ್ಡು ಹಾಕಿ, ರಜೆಯ ದಿನ ಬಿಸಿಲಲ್ಲಿ ನಿಂತು ಗುಂಡಿ ತೋಡುವವರು. ಅವರಿಗೆ ಬರುವುದಿಲ್ಲ ಅನ್ನುವುದು ಕಷ್ಟ. ಆದರೂ ಈಗ ನಾನು ಮೊದಲು ಕೇಳುವುದು ಒಂದೇ ಮಾತು. ಆ ಜಾಗದಲ್ಲಿ ಸದ್ಯಕ್ಕೆ ಏನಿದೆ?

"ಏನೂ ಇಲ್ಲ, ಬರೀ ಹುಲ್ಲು."

ಈ 'ಬರೀ ಹುಲ್ಲು' ಅನ್ನುವ ಮಾತಿನ ಬಗ್ಗೆಯೇ ಇವತ್ತು ಬರೆಯಬೇಕು ಅನ್ನಿಸಿತು. ಸ್ವಲ್ಪ ಉದ್ದವಾಗುತ್ತದೆ, ಓದಿ.

ಒಂದು ಕಾಲಕ್ಕೆ ನಾನೂ ಹಾಗೇ ಅಂದುಕೊಂಡಿದ್ದೆ. ಕೆಲವು ವರ್ಷಗಳ ಹಿಂದೆ ಒಂದು ತಂಡದ ಜೊತೆ ಬಯಲುಸೀಮೆಯ ಒಂದು ಕಾವಲಿಗೆ, ಅಂದರೆ ದನ ಕುರಿ ಮೇಯುವ ಹುಲ್ಲುಗಾವಲಿಗೆ ಹೋಗಿದ್ದೆ. ಜೆಸಿಬಿ ತರಿಸಿ ಸಾಲಾಗಿ ಗುಂಡಿ ತೆಗೆಸಿದ್ದರು. ಕುರಿ ಹೊಡೆದುಕೊಂಡು ಬಂದ ಅಜ್ಜ ಒಬ್ಬರು ಕೋಲಿಗೆ ಗದ್ದ ಊರಿ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಅಲ್ಲ ಸಾಮಿ, ಇಲ್ಲಿ ಮರ ಬರಂಗಿದ್ರೆ ಇಷ್ಟೊತ್ತಿಗೆ ಬಂದಿರ್ತಿರ್ಲಿಲ್ವಾ?"

ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಒಂದು ಟಿಟ್ಟಿಭ ನಮ್ಮ ತಲೆಯ ಮೇಲೆ ಕಿರುಚುತ್ತಾ ಸುತ್ತುತ್ತಲೇ ಇತ್ತು. ನಾವು ಸಸಿ ಹಿಡಿದು ಫೋಟೋ ತೆಗೆಸಿಕೊಂಡೆವು. ಟಿಟ್ಟಿಭ ಮೊಟ್ಟೆ ಇಡುವುದು ಬರಿ ನೆಲದ ಮೇಲೆ, ಆ ಮೊಟ್ಟೆ ನೋಡಲು ಮಣ್ಣುಹೆಂಟೆಯ ಹಾಗೇ ಇರುತ್ತದೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ. ಆವತ್ತು ಅದು ಯಾಕೆ ಅಷ್ಟು ಕೂಗಿತು ಅಂತ ಆಗ ಅರ್ಥವಾಯಿತು. ಆ ಗೂಡು ಯಾವ ಗುಂಡಿಯ ಮಣ್ಣಿನ ಕೆಳಗೆ ಹೋಯಿತೋ.

ಸಸಿಗಳು ಎರಡು ಬೇಸಿಗೆ ದಾಟಲಿಲ್ಲ. ಗುಂಡಿ ತೆಗೆದ ಸಾಲಿನಲ್ಲಿ ಇವತ್ತಿಗೂ ಹುಲ್ಲು ಸರಿಯಾಗಿ ಬಂದಿಲ್ಲ. ಬಂದಿರುವುದು ಕಾಂಗ್ರೆಸ್ ಕಳೆ.

ನಮ್ಮ ಪಹಣಿಯಲ್ಲಿ ಸಾಗುವಳಿಗೆ ಬಾರದ ನೆಲಕ್ಕೆ ಖರಾಬು ಅಂತ ಬರೆಯುತ್ತಾರೆ. ಖರಾಬು ಅಂದರೆ ಕೆಟ್ಟದ್ದು. ದೇಶದ ಬಂಜರು ಭೂಮಿಯ ನಕ್ಷೆ ನೋಡಿದರೂ ಅಷ್ಟೇ. ಹುಲ್ಲುಗಾವಲು, ಕುರುಚಲು ಗುಡ್ಡ ಎಲ್ಲ ಬಹುಪಾಲು ಬಂಜರಿನ ಲೆಕ್ಕಕ್ಕೇ ಸೇರಿವೆ. ಆದರೆ ಇದೇ ನೆಲಕ್ಕೆ ಹಿಂದಿನವರು ಇಟ್ಟ ಹೆಸರು ನೋಡಿ. ಹುಲ್ಲುಬನ್ನಿ. ಗೋಮಾಳ. ಕಾವಲು. ಕಾಯಬೇಕಾದ ನೆಲ ಅಂತಲೇ ಅಲ್ವಾ ಕಾವಲು ಅಂದಿದ್ದು? ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳಲು 'ಬೆಣ್ಣೆ ಚಾವಡಿ' ಇತ್ತು. ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟರು. ಫಿರಂಗಿ ಎಳೆದ ಎತ್ತುಗಳು ಬೆಳೆದದ್ದು ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಸೀಮೆಯ ಇದೇ ಕಾವಲುಗಳಲ್ಲಿ. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು ಅಂತ ಕಾವಲುಗಳನ್ನು ಬೇರೆ ಮಾಡಿದ್ದರು. ಒಂದು ಕಡೆ ದನ ಮೇಯುವಾಗ ಇನ್ನೊಂದು ಕಡೆ ಹುಲ್ಲು ಚೇತರಿಸಿಕೊಳ್ಳುತ್ತಿತ್ತು.

ಈ ಬಯಲಲ್ಲಿ ಇರುವವರು ಯಾರು ಅಂತ ಸ್ವಲ್ಪ ಹೇಳುತ್ತೇನೆ.

ಕೃಷ್ಣಮೃಗ, ಉತ್ತರ ಕರ್ನಾಟಕದವರ ಬಾಯಲ್ಲಿ ಚಿಗರಿ. ಅದರ ಆಹಾರ ಮುಖ್ಯವಾಗಿ ಹುಲ್ಲು. ಅದಕ್ಕೆ ರಕ್ಷಣೆ ಎರಡೇ. ಒಂದು ಕಣ್ಣು, ಇನ್ನೊಂದು ಕಾಲು. ಶತ್ರುವನ್ನು ದೂರದಿಂದಲೇ ನೋಡಬೇಕು, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಬೇಕು. ಮರ ಒತ್ತಾಗಿ ಬೆಳೆದರೆ ಎರಡೂ ಕೆಲಸಕ್ಕೆ ಬರುವುದಿಲ್ಲ. ಹಿಂದೆಯೇ ತೋಳ. ಭಾರತದಲ್ಲಿ ಉಳಿದಿರುವ ತೋಳಗಳು ಎರಡು ಮೂರು ಸಾವಿರ ಅನ್ನುವುದು ಅಂದಾಜು. ಹುಲಿಯ ಲೆಕ್ಕ ಎಲ್ಲರಿಗೂ ಬಾಯಿಪಾಠ, ತೋಳದ್ದು ಕೇಳಿದರೆ ಹೇಳುವವರಿಲ್ಲ. ಬಾಲದ ತುದಿ ಕಪ್ಪಗಿರುವ ಪುಟ್ಟ ನರಿಯೊಂದಿದೆ, ಹುಲ್ಲಿನ ನಡುವೆ ಐದಾರು ಬಾಯಿಗಳ ಬಿಲ ತೋಡಿಕೊಂಡು ಮರಿ ಸಾಕುತ್ತದೆ. ಚಳಿಗಾಲಕ್ಕೆ ಸೆಳೆವಗಳು ಬರುತ್ತವೆ. ಹದ್ದಿನ ಜಾತಿಯ ಹಕ್ಕಿಗಳು, ಕಜಕಸ್ತಾನದಂಥ ದೂರದ ಬಯಲುಗಳಿಂದ ಹಾರಿ ಬಂದವು. ಅವು ರಾತ್ರಿ ಮಲಗುವುದು ಮರದ ಮೇಲಲ್ಲ, ನಮ್ಮ ಕಾವಲಿನ ಹುಲ್ಲಿನೊಳಗೆ, ನೆಲದ ಮೇಲೆ.

ಮತ್ತೆ ಎರೆಭೂತ. ಎರೆ ಅಂದರೆ ಕಪ್ಪು ಮಣ್ಣು. ಎರೆಸೀಮೆಯಲ್ಲಿ ಭೂತದ ಹಾಗೆ ದಿಢೀರನೆ ಕಂಡು ಮಾಯವಾಗುವ ದೊಡ್ಡ ಹಕ್ಕಿ. ಗಂಡು 15 ಕಿಲೋವರೆಗೂ ತೂಗುತ್ತದೆ. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರಿ ನೆಲದಲ್ಲಿ. ಇಡೀ ದೇಶದಲ್ಲಿ 150ಕ್ಕಿಂತ ಕಡಿಮೆ ಉಳಿದಿವೆ, ಬಹುಪಾಲು ರಾಜಸ್ಥಾನದಲ್ಲಿ. ನಮ್ಮಲ್ಲಿ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು. ಅದರ ಕಣ್ಣು ತಲೆಯ ಎರಡೂ ಪಕ್ಕಕ್ಕೆ ಇರುವುದರಿಂದ ಹಾರುವಾಗ ಎದುರಿಗಿರುವ ವಿದ್ಯುತ್ ತಂತಿ ಸರಿಯಾಗಿ ಕಾಣುವುದಿಲ್ಲ, ಕಂಡಾಗ ತಿರುಗಲು ಮೈಭಾರ ಬಿಡುವುದಿಲ್ಲ. ಇಷ್ಟು ಕಷ್ಟದಲ್ಲಿ ಬದುಕುತ್ತಿರುವ ಹಕ್ಕಿಯ ಮನೆಯನ್ನು ನಾವು 'ಖಾಲಿ ಜಾಗ' ಅನ್ನುತ್ತೇವೆ.

ರಾಣೆಬೆನ್ನೂರಿನ ಕತೆ ಗೊತ್ತಿರಬಹುದು. 1974ರಲ್ಲಿ ಅಲ್ಲಿ 119 ಚದರ ಕಿಲೋಮೀಟರ್ ಜಾಗವನ್ನು ಕೃಷ್ಣಮೃಗ ಧಾಮ ಅಂತ ಮಾಡಿದರು. ಎರೆಭೂತವೂ ಅಲ್ಲಿತ್ತು. ಆದರೆ ಆ ಧಾಮದ ದೊಡ್ಡ ಭಾಗದಲ್ಲಿ ಬೆಳೆದದ್ದು ನೀಲಗಿರಿ ತೋಪು. ಎರೆಭೂತ ಈಗ ಅಲ್ಲಿಲ್ಲ. ಹುಲ್ಲನ್ನು ನಂಬಿದ ಪ್ರಾಣಿಗೆ ಧಾಮ ಅಂತ ಬೋರ್ಡು ಹಾಕಿ ಒಳಗೆ ಮರ ಬೆಳೆಸಿದರೆ ಏನು ಪ್ರಯೋಜನ? ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯ ಜಯಮಂಗಲಿ ಮೀಸಲು ಬರೀ 798 ಎಕರೆ. ಅಷ್ಟೇ ಜಾಗದಲ್ಲಿ ಹುಲ್ಲು ಉಳಿದಿದೆ, ಕೃಷ್ಣಮೃಗದ ಹಿಂಡುಗಳೂ ಉಳಿದಿವೆ. ಒಂದು ಬೆಳಗ್ಗೆ ಹೋಗಿ ನಿಂತು ನೋಡಿ, ನಾನು ಇಷ್ಟೆಲ್ಲ ಬರೆಯುವ ಅಗತ್ಯವೇ ಇರುವುದಿಲ್ಲ.

"ಮರ ಇದ್ದರೆ ತಾನೇ ಮಳೆ? ಮರ ಇದ್ದರೆ ತಾನೇ ಇಂಗಾಲ ಹೀರುವುದು?" ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಹುಲ್ಲಿನ ಮುಖ್ಯ ಜೀವ ಇರುವುದು ನೆಲದ ಒಳಗೆ. ಬೇರಿನಲ್ಲಿ, ಮಣ್ಣಿನಲ್ಲಿ ಅದು ಇಂಗಾಲ ಕೂಡಿಡುತ್ತದೆ. ಬೆಂಕಿ ಬಿದ್ದರೆ ಮೇಲಿನ ಕರಡ ಸುಡುತ್ತದೆ, ಬೇರು ಉಳಿಯುತ್ತದೆ, ಮೊದಲ ಮಳೆಗೆ ಮತ್ತೆ ಚಿಗುರು. ಅದನ್ನು ಜೆಸಿಬಿಯಿಂದ ಬಗೆದು ಒಂದು ಸಸಿ ಇಟ್ಟರೆ ಗಳಿಸಿದ್ದಕ್ಕಿಂತ ಕಳೆದುಕೊಂಡಿದ್ದೇ ಜಾಸ್ತಿ. ಗಿಡ ಬದುಕಿ ಮರವಾಯಿತು ಅಂದುಕೊಳ್ಳಿ. ಅದರ ನೆರಳಿಗೆ ಹುಲ್ಲು ಸೊರಗುತ್ತದೆ. ಅದರ ಕೊಂಬೆಯ ಮೇಲೆ ಕಾಗೆ, ಗಿಡುಗ ಕೂತು ಕೆಳಗೆ ನೆಲದಲ್ಲಿರುವ ಮೊಟ್ಟೆ ಮರಿಗಳನ್ನು ಆರಾಮಾಗಿ ಹುಡುಕುತ್ತವೆ. ನೀಲಗಿರಿಯಿಂದ ಎಷ್ಟು ನಷ್ಟವಾಯಿತು ಅಂತ ತಿಳಿಯಲು ನಮಗೆ ಎಷ್ಟು ಕಾಲ ಹಿಡಿಯಿತು ನೋಡಿ. ಹೊಸದಾಗಿ ನೆಡಬಾರದು ಅಂತ ಸರ್ಕಾರ ಆದೇಶ ಮಾಡಿದ್ದು 2017ರಲ್ಲಿ.

ಗಿಡ ನೆಡುವುದೊಂದೇ ಅಪಾಯ ಅಂತ ನಾನು ಹೇಳುತ್ತಿಲ್ಲ. ಚಳ್ಳಕೆರೆಯ ಹತ್ತಿರ ಸುಮಾರು 10,000 ಎಕರೆ ಕಾವಲು ದೊಡ್ಡ ಸಂಸ್ಥೆಗಳ ಪಾಲಾಯಿತು. ಕುರಿ ಮೇಯಿಸುವವರು, ಕಂಬಳಿ ನೇಯುವವರು ಬೇಲಿಯ ಆಚೆ ಉಳಿದರು. ಅಲ್ಲೂ ಕೊಟ್ಟ ಕಾರಣ ಅದೇ, ಉಪಯೋಗವಿಲ್ಲದ ಜಾಗ. ಬೇರೆ ಕಡೆ ಕಾಡು ಕಡಿದರೆ ಊರೆಲ್ಲ ಸೇರಿ ಗಲಾಟೆ ಮಾಡುತ್ತದೆ. ಬಯಲು ಹೋದರೆ ಸದ್ದೇ ಇಲ್ಲ. ಇದೇ ನನಗೆ ಜಾಸ್ತಿ ಸಂಕಟ ಕೊಡುವುದು.

ಸಮಾಧಾನದ ಸುದ್ದಿಯೂ ಇದೆ. ಹೆಸರಘಟ್ಟದ ಹುಲ್ಲುಗಾವಲನ್ನು ಮೀಸಲು ಮಾಡುವ ಪ್ರಸ್ತಾವವನ್ನು 2021ರಲ್ಲಿ ಬೇಡ ಅಂದಿದ್ದರು. ಜನ ಬಿಡಲಿಲ್ಲ, ಕೋರ್ಟಿಗೂ ಹೋದರು. 2024ರಲ್ಲಿ 5,678 ಎಕರೆಗೆ ಒಪ್ಪಿಗೆ ಸಿಕ್ಕಿತು. ಗಂಗಾವತಿ ಕಡೆಯ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಒಂದು ಧಾಮವಾಗಿದೆ. ತೋಳ ಕುರಿ ಹಿಡಿದಾಗ ಕುರಿಯವರಿಗೆ ಪರಿಹಾರ ಬೇಗ ಸಿಗಬೇಕು, ಇದರಲ್ಲಿ ಎರಡು ಮಾತಿಲ್ಲ. ಕಳೆದುಕೊಂಡವರು ಅವರು. ಅವರ ಮೇಲೆ ಭಾರ ಹಾಕಿ ನಾವು ದೂರದಲ್ಲಿ ಕೂತು ತೋಳ ಉಳಿಯಲಿ ಅನ್ನುವುದು ನ್ಯಾಯವಲ್ಲ.

ಗಿಡ ನೆಡುವ ಆಸೆ ಇದ್ದರೆ ಖಂಡಿತ ನೆಡಿ. ಊರೊಳಗೆ, ಶಾಲೆಯ ಅಂಗಳದಲ್ಲಿ, ಹೊಲದ ಬದುವಿನಲ್ಲಿ, ರಸ್ತೆ ಬದಿಯಲ್ಲಿ. ಹೊಂಗೆ, ಬೇವು, ಹುಣಸೆ, ಆಲ. ನಾನೂ ಬರುತ್ತೇನೆ, ನೀರು ಹಾಕುವ ಪಾಳಿಯನ್ನೂ ಹೊರುತ್ತೇನೆ.

ಕಾವಲಿಗೆ ಮಾತ್ರ ಸಸಿ ಬೇಡ, ಸುಮ್ನೆ ನೀವು ಬನ್ನಿ. ನವೆಂಬರ್ ಹೊತ್ತಿಗೆ ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ, ಸೆಳೆವಗಳು ಬಂದಿರುತ್ತವೆ. ಮಕ್ಕಳನ್ನು ಕರೆದುಕೊಂಡು ಬನ್ನಿ. ಕುರಿ ಕಾಯುವ ಹಿರಿಯರು ಯಾರಾದರೂ ಸಿಕ್ಕರೆ ಹುಲ್ಲಿನ ಹೆಸರು ಕೇಳಿ. ನಮ್ಮ ಕಣ್ಣಿಗೆ ಒಂದೇ ಥರ ಕಾಣುವ ಹುಲ್ಲಿನಲ್ಲಿ ಅವರು ಹತ್ತು ಬಗೆ ತೋರಿಸುತ್ತಾರೆ, ಯಾವುದನ್ನು ಕುರಿ ಮೊದಲು ತಿನ್ನುತ್ತದೆ, ಯಾವುದನ್ನು ಮುಟ್ಟುವುದಿಲ್ಲ ಅಂತ ಹೇಳುತ್ತಾರೆ. ಬರೆದುಕೊಳ್ಳಿ. ಸಂಜೆ ಐದೂವರೆಗೆ ಒಂದು ಕಲ್ಲಿನ ಮೇಲೆ ಮಾತಾಡದೆ ಕೂತಿರಿ. ಸೆಳೆವಗಳು ಒಂದೊಂದಾಗಿ ತಗ್ಗಿನಲ್ಲಿ ತೇಲಿ ಬಂದು, ಎರಡು ಸುತ್ತು ಹಾಕಿ, ಹುಲ್ಲಿನೊಳಗೆ ಇಳಿಯುತ್ತವೆ.