ಸಿಂಪ್ಯೂಟರ್ ಸತ್ತಿತು ಅನ್ನುವವರಿಗೆ

ಹೋದ ವಾರ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಯೋಕ್ಟೋ (ಸಣ್ಣ ಯಂತ್ರಗಳಿಗೆ ಲಿನಕ್ಸ್ ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಮ್ ಕಟ್ಟಿಕೊಡುವ ಸಲಕರಣೆ) ಬಿಲ್ಡ್ ಹಾಕಿ ಕಾಯುತ್ತಾ ಕೂತಿದ್ದ. "ಸರ್, ಈ ಬಿಟ್‌ಬೇಕ್, ರೆಸಿಪಿ ಅನ್ನೋದೆಲ್ಲ ಮೊದಲು ಯಾತಕ್ಕೆ ಮಾಡಿದ್ದು?" ಅಂತ ಕೇಳಿದ. ಬಿಟ್‌ಬೇಕ್ ಅಂದರೆ ಯೋಕ್ಟೋದಲ್ಲಿ ಕಟ್ಟುವ ಕೆಲಸ ನಡೆಸುವ ಪ್ರೋಗ್ರಾಮ್, ರೆಸಿಪಿ ಅಂದರೆ ಏನನ್ನು ಹೇಗೆ ಕಟ್ಟಬೇಕು ಅಂತ ಅದಕ್ಕೆ ಬರೆದುಕೊಡುವ ಚೀಟಿ. ಜೇಬಿನಲ್ಲಿಡುವ ಪುಟ್ಟ ಕಂಪ್ಯೂಟರುಗಳಿಗೆ ಕಣಪ್ಪ, ಅಂದೆ. ಮಾತು ಸಿಂಪ್ಯೂಟರಿಗೆ, ನಮ್ಮ ಬೆಂಗಳೂರಿನಲ್ಲೇ ಜನಸಾಮಾನ್ಯರಿಗೆಂದು ಕಟ್ಟಿದ ಅಂಗೈ ಕಂಪ್ಯೂಟರಿಗೆ, ಹೊರಳಿತು. "ಅದು ಫೇಲ್ ಆಯ್ತಲ್ಲ ಸರ್" ಅಂದ. ಈ ಮಾತನ್ನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ, ಪ್ರತಿ ಸಲವೂ ನೋವಾಗುತ್ತದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

2003ರಲ್ಲಿ ಅಮೆರಿಕದಿಂದ ಬಂದ ಗೆಳೆಯ ನನಗೊಂದು ಶಾರ್ಪ್ ಝಾರಸ್ ಎಸ್‌ಎಲ್-5500 ಅನ್ನುವ ಅಂಗೈ ಕಂಪ್ಯೂಟರ್ ತಂದುಕೊಟ್ಟ. 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, 64 ಎಂಬಿ ರ‍್ಯಾಮ್, ಅಂಗೈಯಗಲದ ಪರದೆ, ಕೆಳಭಾಗ ಜಾರಿಸಿದರೆ ಕಾಣುವ ಚಿಕ್ಕ ಕೀಬೋರ್ಡು. ಒಳಗೆ ಲಿನಕ್ಸ್. ಯುಎಸ್‌ಬಿಯಲ್ಲಿ ಪಿಸಿಗೆ ಜೋಡಿಸಿದರೆ 192.168.129.201 ವಿಳಾಸದಲ್ಲಿ ಸಿಗುತ್ತಿತ್ತು. ಆ ಅಂಕಿ ಇವತ್ತಿಗೂ ಬಾಯಿಪಾಠ. ರಾತ್ರಿ ಪಿಸಿಯಲ್ಲಿ ಕ್ರಾಸ್ ಕಂಪೈಲ್ ಮಾಡಿ, ಅಂದರೆ ಝಾರಸ್‌ನ ಪ್ರೊಸೆಸರಿಗೆ ತಕ್ಕ ಪ್ರೋಗ್ರಾಮನ್ನು ಪಿಸಿಯಲ್ಲೇ ತಯಾರಿಸಿ, ಅದಕ್ಕೆ ಕಳಿಸಿ, ಬೆಳಿಗ್ಗೆ ಜೇಬಿಗಿಟ್ಟು ಬಸ್ ಹತ್ತುತ್ತಿದ್ದೆ.

ಅದಕ್ಕೆ ನಾನು ಮೊದಲು ಬರೆದದ್ದು ಪಂಚಾಂಗ. ಅಪ್ಪನಿಗೆ ದಿನಾ ಬೆಳಿಗ್ಗೆ "ಇವತ್ತು ಯಾವ ತಿಥಿನೋ" ಅಂತ ಕೇಳುವ ಅಭ್ಯಾಸ. ಲೆಕ್ಕ ಕಷ್ಟದ್ದೇನಲ್ಲ: ಚಂದ್ರ ಸೂರ್ಯನಿಗಿಂತ ಎಷ್ಟು ಡಿಗ್ರಿ ಮುಂದಿದ್ದಾನೆ ಅಂತ ನೋಡಿ 12ರಿಂದ ಭಾಗಿಸಿದರೆ ತಿಥಿ. ಆದರೆ ಚಂದ್ರನನ್ನು ಹಿಡಿಯಲು ಸಾಲುಸಾಲು ಸೈನ್‌ಗಳು ಬೇಕು, ಆ ಪ್ರೊಸೆಸರಿನಲ್ಲಿ ದಶಾಂಶ ಲೆಕ್ಕದ ಅಂಗವೇ ಇಲ್ಲ. ಒಂದೊಂದು ದಶಾಂಶ ಲೆಕ್ಕದ (ಫ್ಲೋಟಿಂಗ್ ಪಾಯಿಂಟ್) ಸೂಚನೆ ಬಂದಾಗಲೂ ಪ್ರೋಗ್ರಾಮ್ ನಿಂತು, ಲಿನಕ್ಸಿನ ತಿರುಳಾದ ಕರ್ನೆಲ್ ಅದನ್ನು ಸಾಫ್ಟ್‌ವೇರಿನಲ್ಲಿ ಲೆಕ್ಕ ಹಾಕಿ ವಾಪಸ್ ಕೊಡಬೇಕು. ತಿಂಗಳ ಪುಟ ತೆರೆದರೆ ನೋಡುತ್ತಾ ಕೂರಬೇಕಿತ್ತು. ಕೊನೆಗೆ ಡಿಗ್ರಿಯನ್ನೇ ಬಿಟ್ಟೆ. ಪೂರ್ತಿ ವೃತ್ತವನ್ನು 65536 ಭಾಗ ಮಾಡಿ, ಸೈನ್ ಬೆಲೆಗಳನ್ನು ಮೊದಲೇ ಕೋಷ್ಟಕಕ್ಕೆ ತುಂಬಿ, ಎಲ್ಲವನ್ನೂ ಪೂರ್ಣಾಂಕದಲ್ಲೇ ಮಾಡಿದೆ. ತಟ್ಟಿದ ತಕ್ಷಣ ಪುಟ ಬಂತು. ಯಂತ್ರದ ಮಿತಿ ಗೊತ್ತಿದ್ದರೆ ಲೆಕ್ಕವೇ ಬೇರೆ ಥರ ಕಾಣುತ್ತದೆ ಅನ್ನುವುದನ್ನು ನಾನು ಕಾಲೇಜಿನಲ್ಲಲ್ಲ, ಅಲ್ಲಿ ಕಲಿತೆ.

ಲೆಕ್ಕ ಸರಿಯಾಯಿತು, ಅಕ್ಷರ ಆಗಲಿಲ್ಲ. ಝಾರಸ್‌ನ ಪರದೆ ನೋಡಿಕೊಳ್ಳುವ ಕ್ಯೂಟೋಪಿಯಾ ನಿಂತಿದ್ದದ್ದು ಕ್ಯೂಟಿ ಅನ್ನುವ, ಪರದೆಯ ಮೇಲೆ ಗುಂಡಿ, ಅಕ್ಷರ ಮೂಡಿಸುವ ತಂತ್ರಾಂಶದ 2ನೇ ಆವೃತ್ತಿಯ ಮೇಲೆ. ಭಾರತೀಯ ಲಿಪಿಗಳನ್ನು ಜೋಡಿಸುವ ವಿದ್ಯೆ ಕ್ಯೂಟಿಗೆ ಬಂದದ್ದು 3.2ರಲ್ಲಿ. "ಕೃಷ್ಣಪಕ್ಷ" ಅಂತ ಬರೆಸಿದರೆ ಷ, ಣ, ಕ ಎಲ್ಲ ಬೇರೆಬೇರೆ ನಿಂತು ನಡುವೆ ಗೀಟುಗಳು. ಶುಕ್ಲ, ದ್ವಾದಶಿ, ಹಸ್ತಾ, ಪಂಚಾಂಗದಲ್ಲಿ ಒತ್ತಕ್ಷರ ಎಲ್ಲಿಲ್ಲ ಹೇಳಿ! ಕೊನೆಗೆ 16 ತಿಥಿಯ ಹೆಸರು, 2 ಪಕ್ಷ, 27 ನಕ್ಷತ್ರ, ಒಟ್ಟು 45 ಹೆಸರುಗಳನ್ನು ಪಿಸಿಯಲ್ಲಿ ಚಿತ್ರ ಮಾಡಿ ತುಂಬಿದೆ. ಅಪ್ಪ ಕನ್ನಡಕ ಏರಿಸಿ ಓದಿದರು. ನನಗೆ ಮಾತ್ರ ಸಮಾಧಾನ ಇರಲಿಲ್ಲ. ಅದು ಕನ್ನಡದ ಚಿತ್ರ, ಕನ್ನಡ ಅಲ್ಲ. ಒಂದಕ್ಷರ ಟೈಪ್ ಮಾಡುವ ಹಾಗಿಲ್ಲ, ಹುಡುಕುವ ಹಾಗಿಲ್ಲ.

ಇದೇ ಸಮಸ್ಯೆಯನ್ನು ಸಿಂಪ್ಯೂಟರ್ ಕಟ್ಟಿದವರು ಮೊದಲ ದಿನವೇ ಕೈಗೆತ್ತಿಕೊಂಡಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಮೇಷ್ಟ್ರು, ಎನ್‌ಕೋರ್ ಸಾಫ್ಟ್‌ವೇರ್ ಅನ್ನುವ ಕಂಪನಿಯವರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಮಾಡಿದರು. 2001ರ ಏಪ್ರಿಲಿನಲ್ಲಿ ಮಾದರಿ ತೋರಿಸಿದರು. ಝಾರಸ್‌ನದ್ದೇ ಸ್ಟ್ರಾಂಗ್‌ಆರ್ಮ್, ಅದೇ ಲಿನಕ್ಸ್. ಯೋಚನೆ ಮಾತ್ರ ಪೂರ್ತಿ ಬೇರೆ. ಊರಿಗೊಂದು ಯಂತ್ರ ಸಾಕು, ಒಬ್ಬೊಬ್ಬರಿಗೂ ಒಂದು ಸ್ಮಾರ್ಟ್ ಕಾರ್ಡ್. ನಿಮ್ಮ ಮಾಹಿತಿ ನಿಮ್ಮ ಕಾರ್ಡಿನಲ್ಲಿ. ಓದು ಬಾರದವರಿಗೆ ಯಂತ್ರವೇ ಓದಿ ಹೇಳಬೇಕು. ಹಾರ್ಡ್‌ವೇರಿನ ವಿನ್ಯಾಸವನ್ನೂ ಹಂಚಿಕೊಳ್ಳಲು ಒಂದು ಲೈಸೆನ್ಸ್ ಬರೆದರು. ಆ ಕಾಲಕ್ಕೆ ಅದು ದೊಡ್ಡ ಧೈರ್ಯ.

2004ರಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ತಯಾರಿಸಿದ ಅಮಿಡಾ ಸಿಂಪ್ಯೂಟರ್ ಅಂಗಡಿಗೆ ಬಂತು. ಕೈಯಲ್ಲಿ ಓರೆ ಮಾಡಿದರೆ ಪುಟ ತಿರುಗುತ್ತಿತ್ತು, ಐಫೋನಿಗೆ ಇನ್ನೂ ಮೂರು ವರ್ಷ ಬಾಕಿ ಇತ್ತು. ಮಾರಾಟ ಕೆಲವೇ ಸಾವಿರಕ್ಕೆ ನಿಂತಿತು. ಹತ್ತು ಸಾವಿರದ ಆಸುಪಾಸಿನ ಬೆಲೆ, ಮೊಬೈಲ್ ಅಗ್ಗವಾಗುತ್ತಿದ್ದ ಕಾಲ, ಸರ್ಕಾರ ದೊಡ್ಡ ಮಟ್ಟದಲ್ಲಿ ಕೊಳ್ಳದೇ ಹೋದದ್ದು. ಈ ಕಾರಣಗಳನ್ನು ಎಲ್ಲರೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ನನಗೆ ಕಾಡುವುದು ಆ ನಡುವಿನ ಮೂರು ವರ್ಷ. 2001ರಲ್ಲೇ, ಕೇಸ್ ಇಲ್ಲದ ಬರೀ ಬೋರ್ಡಾದರೂ ಸರಿ, ಇನ್ನೂರು ಸಿಂಪ್ಯೂಟರುಗಳು ದಾವಣಗೆರೆ, ಹುಬ್ಬಳ್ಳಿ, ಸುರತ್ಕಲ್ಲಿನ ಎಂಜಿನಿಯರಿಂಗ್ ಹುಡುಗರ ಮೇಜಿಗೆ ಬರಬೇಕಿತ್ತು. ಝಾರಸ್‌ಗೆ ಆದದ್ದು ಅದೇ: ಕಂಪನಿ ಮಾರಿತು, ಬಳಸುವವರು ಬಿಚ್ಚಿ ಕಟ್ಟಿದರು. ಓಪನ್‌ಝಾರಸ್ ಅನ್ನುವ, ಬಳಸುವವರೇ ಕಟ್ಟಿದ ಲಿನಕ್ಸ್ ಹುಟ್ಟಿತು. ಕಾಂಪ್ಯಾಕ್‌ನ ಅಂಗೈ ಕಂಪ್ಯೂಟರ್ ಐಪ್ಯಾಕ್‌ಗೆಂದು ಕಟ್ಟಿದ ಫೆಮಿಲಿಯರ್ ಲಿನಕ್ಸ್, ಸಿಮೆನ್ಸ್‌ನ ಸಿಮ್‌ಪ್ಯಾಡ್ ಬಳಸುತ್ತಿದ್ದವರ ಕೆಲಸವೂ ಸೇರಿ 2003ರಲ್ಲಿ ಓಪನ್‌ಎಂಬೆಡೆಡ್ ಆಯಿತು, ಬೇರೆಬೇರೆ ಪುಟ್ಟ ಯಂತ್ರಗಳಿಗೆ ಲಿನಕ್ಸ್ ಕಟ್ಟಿಕೊಡುವ ಸಲಕರಣೆ. 2010ರಲ್ಲಿ ಶುರುವಾದ ಯೋಕ್ಟೋ ನಿಂತಿರುವುದು ಅದರ ಮೇಲೆ. ಇವತ್ತು ಕಾರಿನ ಪರದೆಯಲ್ಲಿ, ಟಿವಿಯಲ್ಲಿ ಓಡುವ ಎಷ್ಟೋ ಲಿನಕ್ಸ್ ಅದೇ ದಾರಿಯಲ್ಲಿ ಬರುತ್ತದೆ. ಝಾರಸ್ ಕೂಡ ಅಂಗಡಿಯಿಂದ ಮಾಯವಾಯಿತಲ್ಲ. ಅದನ್ನು ಯಾರೂ ಫೇಲ್ ಅನ್ನುವುದಿಲ್ಲ.

ಸಿಂಪ್ಯೂಟರಿನಿಂದಲೂ ಹಾಗೆ ಬದುಕಿ ಉಳಿದದ್ದು ಒಂದಿದೆ: ಧ್ವನಿ. ಭಾರತೀಯ ವಿಜ್ಞಾನ ಸಂಸ್ಥೆಯ ರಮೇಶ್ ಹರಿಹರನ್ ಅವರ ಮುಂದಾಳತ್ವದಲ್ಲಿ ಸಿಂಪ್ಯೂಟರಿಗೆಂದು ಮಾಡಿದ, ಭಾರತೀಯ ಭಾಷೆಗಳನ್ನು ಓದಿ ಹೇಳುವ ತಂತ್ರಾಂಶ. ನಮ್ಮ ಲಿಪಿಯಲ್ಲಿ ಬರೆದ ಹಾಗೇ ಉಚ್ಚಾರ. ಹಾಗಾಗಿ ಮೊದಲೇ ಧ್ವನಿಮುದ್ರಿಸಿದ ಸಣ್ಣ ಸಣ್ಣ ತುಣುಕುಗಳನ್ನು ಪೋಣಿಸಿದರೆ ಪದವಾಗುತ್ತದೆ, ಪುಟ್ಟ ಯಂತ್ರಕ್ಕೂ ಭಾರವಲ್ಲ. ಅದರ ಕೋಡ್ ಮುಕ್ತವಾಗಿದ್ದರಿಂದ ಮುಂದೆ ಸಂತೋಷ್ ತೋಟ್ಟಿಂಗಲ್ ಅದನ್ನು ಕೈಗೆತ್ತಿಕೊಂಡು ಬೆಳೆಸಿದರು. ಯಂತ್ರ ಹೋಯಿತು, ಅದರ ಬಾಯಿ ಉಳಿಯಿತು. ಸತ್ತಿತು ಅನ್ನುವವರು ಒಮ್ಮೆ ಧ್ವನಿ ಓದುವ ಕನ್ನಡ ಕೇಳಿ.

ಆ ಹುಡುಗನಿಗೆ ನನ್ನ ಪಂಚಾಂಗದ ಕೋಡ್ ಕೊಟ್ಟೆ. ಸಂಜೆಯೊಳಗೆ ಅದಕ್ಕೊಂದು ರೆಸಿಪಿ ಬರೆದು ಹೊಸ ಬೋರ್ಡಿನಲ್ಲಿ ಓಡಿಸಿದ. ಚಿತ್ರಗಳನ್ನು ತೆಗೆದುಹಾಕಿ ಯೂನಿಕೋಡ್ ಹಾಕಿದ್ದಾನೆ, ಒತ್ತಕ್ಷರ ಒಂದೂ ಒಡೆಯಲಿಲ್ಲ. ಈ ಭಾನುವಾರ ಅದನ್ನು ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸ್ ಅಡಿ ಎಲ್ಲರಿಗೂ ಸಿಗುವಂತೆ ಹಾಕುತ್ತೇನೆ. ಸಿಂಪ್ಯೂಟರಿಗೋ, ಝಾರಸ್‌ಗೋ, ಐಪ್ಯಾಕ್‌ಗೋ ಕನ್ನಡದಲ್ಲಿ ಏನಾದರೂ ಬರೆದವರು ನನ್ನ ಪರಿಚಯದಲ್ಲೇ ಹಲವರಿದ್ದೀರಿ. ಫಾಂಟ್ ಇರಲಿ, ಕೀಲಿಮಣೆ ಇರಲಿ, ಅರ್ಧಕ್ಕೆ ಬಿಟ್ಟದ್ದೇ ಇರಲಿ, ಅಟ್ಟದ ಮೇಲಿನ ಡಬ್ಬ ಇಳಿಸಿ ನೋಡಿ. ತಡ ಮಾಡಬೇಡಿ. ನಾನು ಆಗ ಬರೆದಿಟ್ಟ ಐದು ಸಿಡಿಗಳಲ್ಲಿ ಎರಡು ಈಗ ಓದಲು ಬರುತ್ತಿಲ್ಲ.