ಸತ್ಯಾಂಶ: ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ ಮಗನಿಗೂ ಖಚಿತವೇ?

‘ತಂದೆಗೆ ಹೃದಯಾಘಾತವಾಗಿದ್ದರೆ ಮಗನಿಗೂ ತಪ್ಪದು, ತಾಯಿ ಕಡೆಯದು ಲೆಕ್ಕಕ್ಕಿಲ್ಲ’ ಎಂಬ ವಾಟ್ಸಾಪ್ ಸಂದೇಶದ ಎರಡೂ ಮಾತು ತಪ್ಪು.

ವೈದ್ಯರು ಕೇಳುವುದು ಯಾರಿಗೆ, ಯಾವ ವಯಸ್ಸಿನಲ್ಲಿ ಎಂದು. ತಂದೆ, ಅಣ್ಣತಮ್ಮಂದಿರಿಗೆ 55ಕ್ಕಿಂತ ಮೊದಲು ಅಥವಾ ತಾಯಿ, ಅಕ್ಕತಂಗಿಯರಿಗೆ 65ಕ್ಕಿಂತ ಮೊದಲು ಹೃದಯದ ಕಾಯಿಲೆ ಬಂದಿದ್ದರೆ ಅದಕ್ಕೆ ತೂಕ ಹೆಚ್ಚು. 80 ದಾಟಿದ ಅಜ್ಜನಿಗೆ ಬಂದದ್ದಕ್ಕೆ ಅಷ್ಟಿಲ್ಲ. ‘ಎದೆನೋವು ಬಂದು ಹೋದರು’, ‘ಲಕ್ವ ಹೊಡೆಯಿತು’ ಎಂದಷ್ಟೇ ಮನೆಯಲ್ಲಿ ನೆನಪಿರುತ್ತದೆ. ಆಗಿನ ವಯಸ್ಸು ಕೇಳಿ ಬರೆದಿಡಿ. ಹಳೆಯ ಡಿಸ್ಚಾರ್ಜ್ ಚೀಟಿ ಸಿಕ್ಕರೆ ಇನ್ನೂ ಒಳ್ಳೆಯದು.

ವಂಶವಾಹಿಯಲ್ಲೇ ಬರುವ ಅಧಿಕ ಕೊಲೆಸ್ಟ್ರಾಲ್ ಒಂದಿದೆ. ವಯಸ್ಕರಲ್ಲಿ ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) 190 mg/dL ಮುಟ್ಟಿದ್ದರೆ ಅದನ್ನು ಶಂಕಿಸಬೇಕು. ತಂದೆಗಿರಲಿ, ತಾಯಿಗಿರಲಿ, ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ದಾಟುವ ಸಂಭವ ಅರ್ಧಕ್ಕರ್ಧ. ತೆಳ್ಳಗಿರುವವರಲ್ಲೂ ಇರುತ್ತದೆ, ಬರೀ ಪಥ್ಯಕ್ಕೆ ಬಗ್ಗುವುದಿಲ್ಲ, ಸಾಮಾನ್ಯವಾಗಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕಾಗುತ್ತದೆ.

ಇನ್ನು ಲಕ್ವ, ಅಂದರೆ ಪಾರ್ಶ್ವವಾಯುವಿನಲ್ಲಿ ಮುಖ್ಯ ಆರೋಪಿ ರಕ್ತದೊತ್ತಡ. ಮನೆಮಂದಿ ಹಂಚಿಕೊಳ್ಳುವುದು ವಂಶವಾಹಿಯನ್ನಷ್ಟೇ ಅಲ್ಲ, ಉಪ್ಪಿನಕಾಯಿ ಜಾಡಿಯನ್ನೂ! ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಎದೆಮಟ್ಟಕ್ಕಿಟ್ಟು ರಕ್ತದೊತ್ತಡ ಅಳೆಯಿರಿ. ಮನೆಯಲ್ಲಿ ಕೆಲವು ದಿನ ಅಳೆದ ಸರಾಸರಿ 135/85 ಮುಟ್ಟಿದರೆ ವೈದ್ಯರಿಗೆ ತೋರಿಸಿ.